ರೆಕ್ಕೆ ಇದ್ದರೂ ರಸ್ತೆ ದಾಟದ ಹಕ್ಕಿಗಳು

ಕಾಡು ಕಡಿದರು ಎಂಬ ಸುದ್ದಿ ಬಂದಾಗ ಆನೆ, ಹುಲಿ, ಚಿರತೆಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಹಕ್ಕಿಗಳ ವಿಷಯ ಬಂದರೆ "ಅವಕ್ಕೇನು, ರೆಕ್ಕೆ ಇದೆ, ಬೇರೆ ಕಡೆ ಹಾರಿಹೋಗುತ್ತವೆ" ಎಂದು ಮಾತು ಮುಗಿಸುತ್ತೇವೆ. ಕಾಗೆ, ಪಾರಿವಾಳ, ಹದ್ದುಗಳಿಗೆ ಈ ಮಾತು ಸರಿಹೋಗಬಹುದು. ಆದರೆ ಮಳೆಕಾಡಿನ ಒಳಗೆ, ದೊಡ್ಡ ಮರಗಳ ನೆರಳಿನಲ್ಲಿ, ನೆಲದಿಂದ ಕೆಲವೇ ಅಡಿ ಎತ್ತರದ ಪೊದೆಗಳಲ್ಲಿ ಹುಳುಹುಪ್ಪಟೆ ಹುಡುಕಿ ತಿನ್ನುವ ಸಣ್ಣ ಹಕ್ಕಿಗಳ ದೊಡ್ಡ ಬಳಗವೇ ಇದೆ. ಅವುಗಳಲ್ಲಿ ಹಲವು ಹಕ್ಕಿಗಳಿಗೆ ಒಂದು ಫುಟ್‌ಬಾಲ್ ಮೈದಾನದಷ್ಟು ಬಯಲನ್ನು ದಾಟುವುದೂ ಆಗದ ಕೆಲಸ. ಹೀಗೇಕೆ, ಇದರಿಂದ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಾಮರ್ಸ್‌ನವರಿಗೆ ಹಕ್ಕಿಗಳ ಉಸಾಬರಿ ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಭಾರತದ ಅತ್ಯಂತ ಹೆಸರಾಂತ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರೂ ಮುಂಬೈಯ ದಾವರ್ಸ್ ಕಾಮರ್ಸ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಅಕೌಂಟೆನ್ಸಿ ಓದಿದವರೇ. ಅದಕ್ಕಿಂತ ಮುಖ್ಯವಾಗಿ, ಇದು ಲೆಕ್ಕದ ವಿಷಯ. ನಮ್ಮ ಕ್ಯಾಶ್ ಬುಕ್ಕಿನಲ್ಲಿ ಒಂದು ರೂಪಾಯಿಯ 100 ನಾಣ್ಯಗಳೂ ಒಂದೇ, 100 ರೂಪಾಯಿಯ ಒಂದು ನೋಟೂ ಒಂದೇ. ಹಾಗಾದರೆ ಒಂದೊಂದು ಹೆಕ್ಟೇರಿನ 100 ಕಾಡಿನ ತುಂಡುಗಳು 100 ಹೆಕ್ಟೇರಿನ ಒಂದು ಕಾಡಿಗೆ ಸಮವೇ? 1970ರ ದಶಕದಲ್ಲಿ ವಿಜ್ಞಾನಿಗಳ ನಡುವೆ ಈ ಪ್ರಶ್ನೆಯ ಮೇಲೆ ದೊಡ್ಡ ವಾದವೇ ನಡೆಯಿತು. ಅದಕ್ಕೆ ಸ್ಪಷ್ಟ ಉತ್ತರ ಕೊಟ್ಟವುಗಳಲ್ಲಿ ಈ ಸಣ್ಣ ಹಕ್ಕಿಗಳೂ ಸೇರಿವೆ.

ಕಾಡಿನ ಕೆಳಗಿನ ಅಂತಸ್ತು

ಮಳೆಕಾಡನ್ನು ಹಲವು ಅಂತಸ್ತಿನ ಕಟ್ಟಡ ಎಂದುಕೊಳ್ಳಿ. ಮೇಲಿನ ಅಂತಸ್ತಿನಲ್ಲಿ ಬಿಸಿಲು, ಗಾಳಿ, ಹಣ್ಣು, ಹೂವು ಎಲ್ಲ ಇವೆ. ಕೆಳಗಿನ ಅಂತಸ್ತಿಗೆ ತಲುಪುವುದು ಸೂರ್ಯನ ಬೆಳಕಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅಲ್ಲಿ ಹಗಲಿನಲ್ಲೂ ಮಬ್ಬು. ಗಾಳಿ ಕಡಿಮೆ, ತೇವ ಹೆಚ್ಚು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬಿಸಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಇಲ್ಲಿ ವಾಸಿಸುವ ಹಕ್ಕಿಗಳ ಮೈಯೂ ಈ ಜಾಗಕ್ಕೆ ಹೊಂದಿಕೊಂಡಿದೆ. ಬಣ್ಣ ಸಾಮಾನ್ಯವಾಗಿ ಕಂದು, ಬೂದು, ಕಪ್ಪು. ರೆಕ್ಕೆಗಳು ಗಿಡ್ಡ ಮತ್ತು ದುಂಡಗೆ. ಬಳ್ಳಿ ಪೊದೆಗಳ ನಡುವೆ ಥಟ್ಟನೆ ತಿರುಗಲು, ಒಂದು ಕೊಂಬೆಯಿಂದ ಇನ್ನೊಂದಕ್ಕೆ ನೆಗೆಯಲು ಇಂಥ ರೆಕ್ಕೆ ಬಹಳ ಅನುಕೂಲ. ಆದರೆ ದೂರ ಹಾರಲು ಇದು ಕೆಲಸಕ್ಕೆ ಬಾರದು. ದೂರ ಹಾರುವ ಹಕ್ಕಿಗಳ ರೆಕ್ಕೆ ಉದ್ದವಾಗಿ, ತುದಿ ಚೂಪಾಗಿ ಇರುತ್ತದೆ. ಮಬ್ಬಿನಲ್ಲಿ ಕಣ್ಣು ಕಾಣುವಂತೆ ಬೆಳೆದ ಈ ಹಕ್ಕಿಗಳು ಉರಿ ಬಿಸಿಲಿನ ಬಯಲಿಗೆ ಬರಲು ಹಿಂಜರಿಯುತ್ತವೆ. ಬಯಲಿನಲ್ಲಿ ಗಿಡುಗನ ಭಯವೂ ಇದೆ.

ಊಟದ ವಿಷಯದಲ್ಲೂ ಇವುಗಳದ್ದು ಬಹಳ ಶಿಸ್ತು. ಒಂದು ಜಾತಿ ಹಸಿರೆಲೆಯ ಅಡಿಭಾಗವನ್ನು ನೋಡಿದರೆ, ಇನ್ನೊಂದು ಬಳ್ಳಿಯ ಗೋಜಲನ್ನು ನೋಡುತ್ತದೆ. ಮತ್ತೊಂದು ನೆಲಕ್ಕೆ ಬಿದ್ದ ತರಗೆಲೆಗಳನ್ನು ಮಗುಚುತ್ತದೆ. ದಕ್ಷಿಣ ಅಮೆರಿಕದ ಕೆಲವು ಜಾತಿಗಳಂತೂ ಕೊಂಬೆಗಳ ನಡುವೆ ಸಿಕ್ಕಿಕೊಂಡು ಒಣಗಿ ಸುರುಳಿಯಾದ ಎಲೆಗಳೊಳಗೇ ಹುಳು ಹುಡುಕುತ್ತವೆ. ಹೀಗೆ ಒಂದೇ ಪೊದೆಯಲ್ಲಿ ಹತ್ತು ಜಾತಿಗಳು ಜಗಳವಿಲ್ಲದೆ ಬದುಕಬಹುದು. ಆದರೆ ಇದರಲ್ಲಿ ಒಂದು ಅಪಾಯವೂ ಅಡಗಿದೆ. ಒಂದೇ ಸರಕನ್ನು ಮಾರುವ ಅಂಗಡಿಗೆ ಆ ಸರಕು ನಿಂತರೆ ಬೇರೆ ದಾರಿ ಇಲ್ಲ. ಇವುಗಳ ಸ್ಥಿತಿಯೂ ಹಾಗೆಯೇ.

ಇರುವೆ ತಿನ್ನದ ಇರುವೆಹಕ್ಕಿಗಳು

ಈ ಬಳಗದಲ್ಲಿ ಹೆಚ್ಚು ಅಧ್ಯಯನವಾದವು ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗಿನ ಕಾಡುಗಳಲ್ಲಿರುವ ಆ್ಯಂಟ್‌ಬರ್ಡ್ ಕುಟುಂಬದ ಹಕ್ಕಿಗಳು. ಈ ಕುಟುಂಬದಲ್ಲಿ 230ಕ್ಕೂ ಹೆಚ್ಚು ಜಾತಿಗಳಿವೆ. ಹೆಸರು ಇರುವೆಹಕ್ಕಿ ಎಂದಿದ್ದರೂ ಇವುಗಳ ಮುಖ್ಯ ಆಹಾರ ಇರುವೆಯಲ್ಲ. ಕೆಲವು ಜಾತಿಗಳು ಇರುವೆಗಳ ಹಿಂದೆ ಹೋಗುವುದರಿಂದ ಈ ಹೆಸರು ಬಂದಿದೆ.

ಅಲ್ಲಿನ ಆರ್ಮಿ ಇರುವೆಗಳು ಲಕ್ಷಗಟ್ಟಲೆ ಸಂಖ್ಯೆಯ ಪಡೆಯಾಗಿ ನೆಲದ ಮೇಲೆ ದಾಳಿ ಹೊರಡುತ್ತವೆ. ಪಡೆಯ ಮುಂಭಾಗ ಕೆಲವೊಮ್ಮೆ 10 ಮೀಟರಿಗಿಂತ ಅಗಲವಾಗಿರುತ್ತದೆ. ಅದು ಬರುತ್ತಿದ್ದಂತೆ ಎಲೆಯಡಿ ಅಡಗಿದ್ದ ಜಿರಳೆ, ಮಿಡತೆ, ಜೇಡಗಳು ಜೀವ ಉಳಿಸಿಕೊಳ್ಳಲು ಹೊರಗೆ ಓಡುತ್ತವೆ. ಕಾದು ಕೂತ ಹಕ್ಕಿಗಳು ಅವುಗಳನ್ನು ಹಿಡಿಯುತ್ತವೆ. ಹುಡುಕುವ ಖರ್ಚು ಇರುವೆಯದ್ದು, ಲಾಭ ಹಕ್ಕಿಯದ್ದು. ಎಡ್ವಿನ್ ವಿಲಿಸ್ ಎಂಬ ವಿಜ್ಞಾನಿ ಪನಾಮಾದ ಕಾಡಿನಲ್ಲಿ ವರ್ಷಗಟ್ಟಲೆ ಇವುಗಳ ಹಿಂದೆ ನಡೆದು ಅಧ್ಯಯನ ಮಾಡಿದರು. ಪಡೆಯ ಸುತ್ತ ಹಕ್ಕಿಗಳಿಗೂ ದರ್ಜೆ ಇದೆ. ದೊಡ್ಡದಾದ ಆಸಿಲೇಟೆಡ್ ಆ್ಯಂಟ್‌ಬರ್ಡ್ ಒಳ್ಳೆಯ ಜಾಗವಾದ ನಡುವಿನಲ್ಲಿ, ಅದಕ್ಕಿಂತ ಸಣ್ಣದು ಅದರ ಹೊರಗೆ, ಎಲ್ಲಕ್ಕಿಂತ ಸಣ್ಣದು ಅಂಚಿನಲ್ಲಿ.

ಈ ಇರುವೆಗಳಿಗೆ ಶಾಶ್ವತ ಗೂಡಿಲ್ಲ. ಒಂದನ್ನೊಂದು ಹಿಡಿದುಕೊಂಡು ತಮ್ಮ ಮೈಯಿಂದಲೇ ಬೀಡು ಕಟ್ಟುತ್ತವೆ. ಸುಮಾರು 15 ದಿನ ದಿನವೂ ದಾಳಿ ಮಾಡುತ್ತಾ ಊರು ಬದಲಿಸುತ್ತವೆ. ನಂತರ ಸುಮಾರು 20 ದಿನ ಒಂದೇ ಕಡೆ ತಂಗುತ್ತವೆ. ಆಗ ದಾಳಿ ಬಹಳ ಕಡಿಮೆ. ಹಕ್ಕಿಗಳು ಇದನ್ನು ತಿಳಿದಿವೆ. ಬೇರೆ ಬೇರೆ ಬೀಡುಗಳ ಜಾಗ ನೆನಪಿಟ್ಟುಕೊಂಡು, ಇವತ್ತು ಯಾವ ಪಡೆ ಹೊರಟಿದೆ ಎಂದು ಹೋಗಿ ನೋಡಿ ಬರುತ್ತವೆ. ಎಪಿಎಂಸಿಯಲ್ಲಿ ವ್ಯಾಪಾರಿ ಒಬ್ಬನೇ ಸರಬರಾಜುದಾರನನ್ನು ನಂಬುವುದಿಲ್ಲವಲ್ಲ, ಹಾಗೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. 35 ದಿನಗಳಲ್ಲಿ 20 ದಿನ ಪಡೆ ತಂಗಿರುತ್ತದೆ, ಅಂದರೆ ಯಾವುದೇ ಒಂದು ದಿನ ಆ ಪಡೆಯಿಂದ ಊಟ ಸಿಗದ ಸಂಭವ 4/7, ಸುಮಾರು ಶೇ. 57. ಪಡೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುತ್ತವೆ ಎಂದಿಟ್ಟುಕೊಂಡರೆ, ಎರಡು ಪಡೆಗಳನ್ನು ತಿಳಿದಿರುವ ಹಕ್ಕಿಗೆ ಊಟ ತಪ್ಪುವ ಸಂಭವ 4/7 ಗುಣಿಸು 4/7, ಅಂದರೆ ಸುಮಾರು ಶೇ. 33. ಮೂರು ಪಡೆಗಳಾದರೆ ಶೇ. 19. ಐದಾದರೆ ಶೇ. 6 ಮಾತ್ರ. ತಂಗಿದ ಪಡೆಯೂ ಆಗಾಗ ದಾಳಿಗೆ ಹೋಗುವುದರಿಂದ ಇದು ಸರಳ ಮಾಡಿದ ಲೆಕ್ಕ. ಆದರೂ ವಿಷಯ ಅರ್ಥವಾಗುತ್ತದೆ. ಪನಾಮಾದ ಕಾಡಿನಲ್ಲಿ ಒಂದು ಪಡೆಗೆ ಸುಮಾರು 30 ಹೆಕ್ಟೇರ್ ಕಾಡು ಬೇಕು. ಐದು ಪಡೆಗಳಿಗೆ 150 ಹೆಕ್ಟೇರ್. ಈ 150 ಹೆಕ್ಟೇರನ್ನು ಹಲವು ಜೋಡಿ ಹಕ್ಕಿಗಳು ಹಂಚಿಕೊಳ್ಳಬಹುದು. ಆದರೆ 10 ಹೆಕ್ಟೇರಿನ ತುಂಡಿನಲ್ಲಿ ಒಂದು ಪಡೆಯೂ ಉಳಿಯುವುದು ಕಷ್ಟ. ಅಂಥ 15 ತುಂಡುಗಳನ್ನು ಕೂಡಿಸಿದರೆ ಕಾಗದದ ಮೇಲೆ 150 ಹೆಕ್ಟೇರ್ ಆಗುತ್ತದೆ. ಹಕ್ಕಿಗೆ ಸಿಗುವುದು ಸೊನ್ನೆ.

ಒಪ್ಪಂದ ಪತ್ರವಿಲ್ಲದ ಪಾಲುದಾರಿಕೆ

ಎಲ್ಲ ಹಕ್ಕಿಗಳೂ ಇರುವೆಯ ಹಿಂದೆ ಹೋಗುವುದಿಲ್ಲ. ಬಹಳಷ್ಟು ಜಾತಿಗಳು ಬೇರೆ ಬೇರೆ ಜಾತಿಗಳ ಜೊತೆ ಸೇರಿ ಗುಂಪು ಕಟ್ಟಿಕೊಂಡು ತಿರುಗುತ್ತವೆ. ಕುರ್‌ಆನ್ ಹಕ್ಕಿಗಳನ್ನು ಸಮುದಾಯಗಳೆಂದು ಕರೆಯುವುದನ್ನು ನಮ್ಮಲ್ಲಿ ಅನೇಕರು ಓದಿದ್ದೇವೆ. ಈ ಗುಂಪುಗಳನ್ನು ತಿಳಿದ ಮೇಲೆ ಆ ಪದದ ತೂಕ ಇನ್ನಷ್ಟು ಗೊತ್ತಾಗುತ್ತದೆ.

ಅಮೆಜಾನ್ ಕಾಡಿನಲ್ಲಿ ಇಂಥ ಗುಂಪು ಬೆಳಗಿನ ಜಾವ ಗೊತ್ತಾದ ಜಾಗದಲ್ಲಿ ಸೇರುತ್ತದೆ. ಮುಖ್ಯ ಸದಸ್ಯ ಜಾತಿಗಳಿಂದ ಸಾಮಾನ್ಯವಾಗಿ ಒಂದೊಂದು ಜೋಡಿ, ಅದರ ಮರಿಗಳು. ಎಲ್ಲವೂ ಸೇರಿ ಒಂದೇ ಗಡಿ ಕಾಯುತ್ತವೆ. ಪಕ್ಕದ ಗುಂಪು ಎದುರಾದರೆ ಪ್ರತಿ ಜಾತಿಯೂ ಆ ಕಡೆಯ ತನ್ನ ಜಾತಿಯ ಜೊತೆಗೇ ಜಗಳ ಆಡುತ್ತದೆ. ಇದೇ ವ್ಯವಸ್ಥೆ ಅದೇ ಜಾಗದಲ್ಲಿ ವರ್ಷಗಟ್ಟಲೆ ಮುಂದುವರಿಯುತ್ತದೆ.

ಗುಂಪಿನಿಂದ ಲಾಭವೇನು? ಎಲೆಯ ಕೆಳಗೆ ತಲೆ ತೂರಿಸಿದ ಹಕ್ಕಿಗೆ ಗಿಡುಗ ಬರುವುದು ಕಾಣುವುದಿಲ್ಲ. ಹಾಗಾಗಿ ಕಾವಲುಗಾರ ಬೇಕು. 1980ರ ದಶಕದಲ್ಲಿ ಚಾರ್ಲ್ಸ್ ಮನ್ ಎಂಬ ವಿಜ್ಞಾನಿ ಪೆರು ದೇಶದ ಮನು ಕಾಡಿನಲ್ಲಿ ಇದನ್ನು ಅಧ್ಯಯನ ಮಾಡಿದರು. ಅಲ್ಲಿ ಕೆಳಪೊದೆಯ ಗುಂಪಿಗೆ ಆ್ಯಂಟ್‌ಶ್ರೈಕ್ ಎಂಬ ಹಕ್ಕಿಯೇ ಕಾವಲು. ಅದು ತಲೆಯೆತ್ತಿ ಕೂತು, ಗಿಡುಗ ಕಂಡ ಕೂಡಲೇ ಕೂಗುತ್ತದೆ. ಇದಕ್ಕೆ ಸಂಬಳವೆಂದರೆ, ಬೇರೆ ಹಕ್ಕಿಗಳು ಎಬ್ಬಿಸಿದ ಹುಳುಗಳು. ತನ್ನ ಊಟದ ಬಹುಪಾಲನ್ನು ಅದು ಹೀಗೇ ಸಂಪಾದಿಸುತ್ತದೆ.

ಆದರೆ ಈ ಕಾವಲುಗಾರ ಮೋಸವನ್ನೂ ಮಾಡುತ್ತದೆ. ಒಂದೇ ಹುಳುವಿನ ಹಿಂದೆ ತಾನೂ ಇನ್ನೊಂದು ಹಕ್ಕಿಯೂ ಓಡಿದಾಗ, ಗಿಡುಗ ಇಲ್ಲದಿದ್ದರೂ ಅಪಾಯದ ಕೂಗು ಹಾಕುತ್ತದೆ. ಇನ್ನೊಂದು ಹಕ್ಕಿ ಒಂದು ಕ್ಷಣ ಬೆದರಿ ನಿಲ್ಲುತ್ತದೆ, ಹುಳು ಕಾವಲುಗಾರನ ಪಾಲಾಗುತ್ತದೆ. ಹಾಗಾದರೆ ಬೇರೆ ಹಕ್ಕಿಗಳು ಈ ಸುಳ್ಳುಗಾರನನ್ನು ಯಾಕೆ ಬಿಡುವುದಿಲ್ಲ? ಇದು ವಿಮೆಯ ಪಾಠ. ಸುಳ್ಳು ಕೂಗನ್ನು ನಂಬಿದರೆ ನಷ್ಟ ಒಂದು ಹುಳು. ನಿಜವಾದ ಕೂಗನ್ನು ನಂಬದಿದ್ದರೆ ನಷ್ಟ ಜೀವ. ಹುಳುವನ್ನು ಪ್ರೀಮಿಯಂ ಎಂದು ಕಟ್ಟಿ ಹಕ್ಕಿಗಳು ಜೀವ ಉಳಿಸಿಕೊಳ್ಳುತ್ತವೆ.

ದ್ವಿತೀಯ ಪಿಯುಸಿಯ ಅಕೌಂಟೆನ್ಸಿಯಲ್ಲಿ ನಾವು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಓದುತ್ತೇವೆ. ಒಪ್ಪಂದ ಪತ್ರ ಇಲ್ಲದಿದ್ದರೆ ಲಾಭ ಸಮವಾಗಿ ಹಂಚಬೇಕು ಎನ್ನುತ್ತದೆ ಕಾಯ್ದೆ. ಈ ಹಕ್ಕಿಗಳ ಬಳಿ ಒಪ್ಪಂದ ಪತ್ರವೂ ಇಲ್ಲ, ಸಮಪಾಲೂ ಇಲ್ಲ. ಆದರೂ ಸಂಸ್ಥೆ ನಡೆಯುತ್ತದೆ, ಯಾಕೆಂದರೆ ಒಂಟಿಯಾಗಿ ಇರುವುದಕ್ಕಿಂತ ಎಲ್ಲರಿಗೂ ಇದರಲ್ಲೇ ಲಾಭ. ಆದರೆ ಮುಖ್ಯ ಪಾಲುದಾರ ಹೋದರೆ ಸಂಸ್ಥೆ ಮುಚ್ಚುವಂತೆ, ಕಾವಲು ಹಕ್ಕಿ ಹೋದರೆ ಗುಂಪೇ ಕುಸಿಯಬಹುದು.

ಮನೌಸ್ ಬಳಿಯ ಪ್ರಯೋಗ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಬ್ರೆಜಿಲ್ ದೇಶದ ಮನೌಸ್ ನಗರದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಅಮೆಜಾನ್ ಕಾಡಿನಲ್ಲಿ ಆಗ ಜಾನುವಾರು ಸಾಕಣೆಗೆ ಕಾಡು ಕಡಿಯುತ್ತಿದ್ದರು. ಜಮೀನುದಾರರು ಅರ್ಧ ಕಾಡನ್ನು ಉಳಿಸಬೇಕೆಂದು ಅಲ್ಲಿನ ಕಾನೂನಿತ್ತು. ಹೇಗೂ ಉಳಿಸುವ ಕಾಡನ್ನು ಅಳತೆಯ ಚೌಕಗಳಾಗಿ ಉಳಿಸಿದರೆ ಅದೇ ಪ್ರಯೋಗಾಲಯವಾಗುತ್ತದೆ ಎಂದು ಥಾಮಸ್ ಲವ್‌ಜಾಯ್ ಎಂಬ ವಿಜ್ಞಾನಿ ಯೋಚಿಸಿದರು. 1979ರಲ್ಲಿ ಕೆಲಸ ಶುರುವಾಯಿತು. 1, 10 ಮತ್ತು 100 ಹೆಕ್ಟೇರಿನ ಒಟ್ಟು 11 ತುಂಡುಗಳನ್ನು ಬಯಲಿನ ನಡುವೆ ಉಳಿಸಲಾಯಿತು. ಕಾಡು ಕಡಿಯುವ ಮೊದಲೂ ನಂತರವೂ ಸಣ್ಣ ಬಲೆಗಳಲ್ಲಿ ಹಕ್ಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಟ್ಟು, ಲೆಕ್ಕ ಇಟ್ಟರು.

ಮೊದಲು ಬಂದ ಫಲಿತಾಂಶ ಆಶ್ಚರ್ಯದ್ದು. ಸುತ್ತ ಕಾಡು ಕಡಿದ ತಕ್ಷಣ ತುಂಡುಗಳಲ್ಲಿ ಹಕ್ಕಿಗಳ ಸಂಖ್ಯೆ ಏರಿತು. ಆ ವರ್ಷ ಮಾತ್ರ ನೋಡಿದವರು ಕಾಡು ಕಡಿದರೂ ಹಕ್ಕಿಗೆ ತೊಂದರೆ ಇಲ್ಲ ಎಂದು ಬರೆದುಬಿಡಬಹುದಿತ್ತು. ನಿಜವಾಗಿ ಅವು ಮನೆ ಕಳೆದುಕೊಂಡು ಬಂದ ನಿರಾಶ್ರಿತರು. ಸ್ವಲ್ಪ ಕಾಲದಲ್ಲೇ ಸಂಖ್ಯೆ ಥಟ್ಟನೆ ಕುಸಿಯಿತು. 1 ಮತ್ತು 10 ಹೆಕ್ಟೇರಿನ ತುಂಡುಗಳಿಂದ ಇರುವೆ ಹಿಂಬಾಲಿಸುವ ಹಕ್ಕಿಗಳು ಬೇಗನೆ ಕಾಣೆಯಾದವು. ಮಿಶ್ರ ಗುಂಪುಗಳು ಕೆಲವೇ ವರ್ಷಗಳಲ್ಲಿ ಚದುರಿದವು. 100 ಹೆಕ್ಟೇರಿನ ತುಂಡುಗಳೂ ಕೆಳಪೊದೆಯ ಹಕ್ಕಿ ಜಾತಿಗಳಲ್ಲಿ ಅರ್ಧವನ್ನು 15 ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಕಳೆದುಕೊಳ್ಳುತ್ತವೆ ಎಂದು 2003ರಲ್ಲಿ ಪ್ರಕಟವಾದ ಲೆಕ್ಕ ತೋರಿಸಿತು.

ಅಂದರೆ 100 ಗುಣಿಸು 1 ಎಂಬುದು 1 ಗುಣಿಸು 100ಕ್ಕೆ ಸಮವಲ್ಲ. ಒಂದು ಬದಿಯಲ್ಲಿ ಬರೀ ಅಂಚು, ಬಿಸಿಲು, ಒಣ ಗಾಳಿ. ಇನ್ನೊಂದು ಬದಿಯಲ್ಲಿ ಒಳಗಾಡು.

ಇದೇ ಪ್ರದೇಶದ ರಸ್ತೆಗಳಲ್ಲೂ ಅಧ್ಯಯನ ನಡೆದಿದೆ. 30ರಿಂದ 40 ಮೀಟರ್ ಅಗಲಕ್ಕೆ ಕಾಡು ಕಡಿದ ರಸ್ತೆಯನ್ನು ಕೆಳಪೊದೆಯ ಅನೇಕ ಹಕ್ಕಿಗಳು ದಾಟುವುದು ಬಹಳ ಕಡಿಮೆಯಾಯಿತು. ಮಿಶ್ರ ಗುಂಪುಗಳಿಗೆ ರಸ್ತೆಯೇ ಗಡಿಯಾಯಿತು.

ಆದರೆ ಒಂದು ಒಳ್ಳೆಯ ಸುದ್ದಿಯೂ ಇದೆ. ಕೆಲವು ಕಡೆ ಜಾನುವಾರು ಸಾಕಣೆ ಲಾಭ ತರಲಿಲ್ಲ. ಜನ ಜಾಗ ಬಿಟ್ಟುಹೋದರು. ಬೇಗ ಬೆಳೆಯುವ ಮರಗಳು ಎದ್ದು ತುಂಡುಗಳನ್ನು ದೊಡ್ಡ ಕಾಡಿಗೆ ಮತ್ತೆ ಜೋಡಿಸಿದವು. ಆಗ ಇರುವೆ ಹಿಂಬಾಲಿಸುವ ಹಕ್ಕಿಗಳೂ ಮಿಶ್ರ ಗುಂಪುಗಳೂ ಮರಳಿ ಬಂದವು. ನೆಲದ ಮೇಲೆ ತರಗೆಲೆ ಮಗುಚುವ ಹಕ್ಕಿಗಳು ಮಾತ್ರ ಅಷ್ಟು ಸುಲಭವಾಗಿ ಮರಳಲಿಲ್ಲ.

ದೋಣಿಯಿಂದ ಬಿಟ್ಟ ಹಕ್ಕಿಗಳು

ಹಕ್ಕಿ ದಾಟುವುದಿಲ್ಲವೋ, ದಾಟಲಾರದೋ? ಇದಕ್ಕೆ ಉತ್ತರ ಪನಾಮಾದಿಂದ ಬಂತು. ಪನಾಮಾ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟುನ್ ಸರೋವರ ತುಂಬಿತು. ನೀರಿನ ನಡುವೆ ಉಳಿದ ಗುಡ್ಡವೊಂದು ಬಾರೊ ಕೊಲರಾಡೊ ದ್ವೀಪವಾಯಿತು. ಸುಮಾರು 1,500 ಹೆಕ್ಟೇರಿನ ಈ ದ್ವೀಪವನ್ನು 1923ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದರು. ಬೇಟೆ ನಿಂತಿತು, ಕಾಡು ಬೆಳೆಯಿತು, ಇರುವೆ ಪಡೆಗಳೂ ಇದ್ದವು. ಆದರೂ ಒಂದೊಂದಾಗಿ ಹಲವು ಹಕ್ಕಿ ಜಾತಿಗಳು ಅಲ್ಲಿಂದ ಮಾಯವಾದವು. ವಿಲಿಸ್ ಅಧ್ಯಯನ ಮಾಡಿದ ಆಸಿಲೇಟೆಡ್ ಆ್ಯಂಟ್‌ಬರ್ಡ್ ಕೂಡ ಅವುಗಳಲ್ಲಿ ಒಂದು.

ಇವು ಒಮ್ಮೆಗೆ ಎರಡು ಮೊಟ್ಟೆ ಇಡುವ ಹಕ್ಕಿಗಳು. ಹಾವು ಮತ್ತಿತರ ಪ್ರಾಣಿಗಳು ಗೂಡು ಕಬಳಿಸುವುದೂ ಹೆಚ್ಚು. ನಷ್ಟದ ವರ್ಷಗಳು ಸಾಲಾಗಿ ಬಂದಾಗ ದೊಡ್ಡ ಕಾಡಿನಲ್ಲಾದರೆ ಪಕ್ಕದಿಂದ ಹೊಸ ಹಕ್ಕಿಗಳು ಬಂದು ಜಾಗ ತುಂಬುತ್ತವೆ. ವ್ಯಾಪಾರದಲ್ಲಿ ಹೊಸ ಬಂಡವಾಳ ಬಂದಂತೆ. ದ್ವೀಪಕ್ಕೆ ಆ ಬಂಡವಾಳ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ತಿಳಿಯಲು ವಿಜ್ಞಾನಿಗಳು ಕಾಡಿನ ಹಕ್ಕಿಗಳನ್ನು ಹಿಡಿದು, ದೋಣಿಯಲ್ಲಿ ಸರೋವರಕ್ಕೆ ಒಯ್ದು, ದಡದಿಂದ ಅಳತೆ ಮಾಡಿದ ದೂರಗಳಲ್ಲಿ ಹಾರಿಬಿಟ್ಟರು. 2008ರಲ್ಲಿ ಇದರ ಫಲಿತಾಂಶ ಪ್ರಕಟವಾಯಿತು. ಕೆಲವು ಜಾತಿಗಳು ಆರಾಮಾಗಿ ದಡ ಸೇರಿದವು. ಕೆಲವು ಜಾತಿಗಳಿಗೆ 100 ಮೀಟರ್ ದಾಟುವುದೂ ಆಗಲಿಲ್ಲ, ನೀರಿಗೆ ಇಳಿದವು. ದೂರ ಹಾರಲು ಆಗದ ಜಾತಿಗಳೇ ದ್ವೀಪಗಳಿಂದ ಹೆಚ್ಚಾಗಿ ಮಾಯವಾಗಿದ್ದವು.

ತುಂಡಾಗದ ಕಾಡಿನಲ್ಲೂ ಇವು ಪೂರ್ತಿ ಕ್ಷೇಮವಾಗಿಲ್ಲ. ಮನೌಸ್ ಬಳಿಯ ಅಖಂಡ ಕಾಡಿನಲ್ಲಿ 40 ವರ್ಷಗಳ ಅಳತೆಗಳನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 77 ಜಾತಿಗಳನ್ನು ಪರಿಶೀಲಿಸಲಾಗಿತ್ತು. ಹಕ್ಕಿಗಳ ತೂಕ ಕಡಿಮೆಯಾಗುತ್ತಾ ಬಂದಿದೆ. ಬಿಸಿ ಏರುತ್ತಿರುವುದು, ಬೇಸಿಗೆ ಇನ್ನಷ್ಟು ಒಣಗುತ್ತಿರುವುದು ಇದರ ಹಿಂದಿನ ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ.

ನಮ್ಮ ಘಟ್ಟಗಳಲ್ಲಿ

ನಮ್ಮಲ್ಲಿ ಆ್ಯಂಟ್‌ಬರ್ಡ್ ಇಲ್ಲ. ಪಶ್ಚಿಮ ಘಟ್ಟದ ಕೆಳಪೊದೆಯಲ್ಲಿ ಆ ಕೆಲಸ ಮಾಡುವವು ಹರಟೆಮಲ್ಲಗಳ ಬಂಧುಗಳು. ಊರಿನ ತೋಟಗಳಲ್ಲಿ ಆರೇಳು ಸೇರಿ ಗಲಾಟೆ ಮಾಡುವ ಹರಟೆಮಲ್ಲವನ್ನು ಎಲ್ಲರೂ ನೋಡಿದ್ದೇವೆ. ಉರ್ದುವಿನಲ್ಲಿ ಅದನ್ನು ಸಾತ್ ಭಾಯಿ ಎನ್ನುತ್ತಾರೆ. ಕಾಡಿನ ಒಳಗಿನ ಅದರ ಬಂಧುಗಳು ಇನ್ನೂ ಸಣ್ಣವು, ನಾಚಿಕೆಯವು. ಕಂದು ಮೈಯ, ಕಪ್ಪು ತಲೆಯ ಸಣ್ಣ ಹರಟೆಮಲ್ಲ ಬೆತ್ತದ ಪೊದೆಗಳಲ್ಲಿ ತಿರುಗುತ್ತದೆ. ಕುಡುಗೋಲಿನಂತೆ ಬಾಗಿದ ಕೊಕ್ಕಿನ ಇನ್ನೊಂದು ತೊಗಟೆಯ ಬಿರುಕುಗಳನ್ನು ಕೆದಕುತ್ತದೆ.

ಮಿಶ್ರ ಗುಂಪುಗಳೂ ನಮ್ಮಲ್ಲಿವೆ. ಬಾಲದಲ್ಲಿ ಎರಡು ಉದ್ದ ಗರಿಗಳ ಭೀಮರಾಜ ಇಲ್ಲಿ ಆ್ಯಂಟ್‌ಶ್ರೈಕ್‌ನ ಪಾತ್ರ ವಹಿಸುತ್ತದೆ. ಬೇರೆಯವರು ಎಬ್ಬಿಸಿದ ಹುಳು ಹಿಡಿಯುತ್ತದೆ, ಅಪಾಯ ಬಂದರೆ ಕೂಗುತ್ತದೆ. ಉತ್ತರ ಕನ್ನಡದ ಅಣಶಿ ಕಾಡಿನಲ್ಲಿ ನಮ್ಮ ದೇಶದ ವಿಜ್ಞಾನಿಗಳು ಇಂಥ ಗುಂಪುಗಳ ಅಧ್ಯಯನ ಮಾಡಿದ್ದಾರೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ತಮಿಳುನಾಡಿನ ವಾಲ್ಪಾರೈ ಟೀ ತೋಟಗಳ ನಡುವೆ ಉಳಿದ ಕಾಡಿನ ತುಂಡುಗಳಲ್ಲಿ ಎರಡು ದಶಕಗಳಿಂದ ಅಲ್ಲಿಯದೇ ಜಾತಿಯ ಗಿಡ ನೆಟ್ಟು ಕಾಡನ್ನು ಸರಿಪಡಿಸುತ್ತಿದ್ದಾರೆ.

ಲೆಕ್ಕ ಕೇಳಬೇಕಾದ ಮೂರು ಪ್ರಶ್ನೆಗಳು

ನಮ್ಮ ದೇಶದಲ್ಲಿ ಯೋಜನೆಗೆ ಕಾಡು ಬಿಟ್ಟುಕೊಟ್ಟರೆ ಅದಕ್ಕೆ ಬದಲಾಗಿ ಬೇರೆ ಕಡೆ ಗಿಡ ನೆಡಬೇಕು. ಈ ಹಣದ ನಿರ್ವಹಣೆಗೆ 2016ರಲ್ಲಿ ಪರಿಹಾರ ಅರಣ್ಯೀಕರಣ ನಿಧಿ ಕಾಯ್ದೆಯೂ ಬಂದಿದೆ. ಇಷ್ಟು ಹೆಕ್ಟೇರ್ ಹೋಯಿತು, ಇಷ್ಟು ಹೆಕ್ಟೇರ್ ಬಂತು ಎಂದು ಡೆಬಿಟ್ ಕ್ರೆಡಿಟ್ ತಾಳೆಯಾಗುತ್ತದೆ. ಆದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಪುಸ್ತಕದಲ್ಲಿ ತಪ್ಪಿಲ್ಲ ಎಂದಲ್ಲ. ಇದನ್ನು ಮೊದಲ ವರ್ಷದಲ್ಲೇ ನಮಗೆ ಕಲಿಸುತ್ತಾರೆ.

ಹಾಗಾಗಿ ಪತ್ರಿಕೆಯಲ್ಲಿ ಇಂಥ ಸುದ್ದಿ ಓದಿದಾಗ ಎಷ್ಟು ಹೆಕ್ಟೇರ್ ಎಂಬುದಕ್ಕೆ ನಿಲ್ಲದೆ ಇನ್ನೂ ಮೂರು ಪ್ರಶ್ನೆ ಕೇಳೋಣ. ಒಂದು, ಉಳಿಯುವ ಕಾಡು ಒಂದೇ ಆಗಿ ಉಳಿಯುತ್ತದೆಯೇ, ತುಂಡಾಗುತ್ತದೆಯೇ? ಎರಡು, ತುಂಡುಗಳ ನಡುವಿನ ಬಯಲು ಎಷ್ಟು ಮೀಟರ್, ಮೇಲೆ ಮರದ ಕೊಂಬೆಗಳು ಕೂಡಿಕೊಂಡಿವೆಯೇ? ಮೂರು, ಬದಲಿಗೆ ನೆಡುವುದು ಒಂದೇ ಜಾತಿಯ ಸಾಲುಮರವೇ, ಕೆಳಗೆ ಪೊದೆ, ಬಳ್ಳಿ, ತರಗೆಲೆ ಇರುವ ಕಾಡೇ?

ಈ ಪ್ರಶ್ನೆ ಕೇಳಲು ಸೈನ್ಸ್ ಓದಿರಬೇಕಾಗಿಲ್ಲ. ಲೆಕ್ಕ ಬಂದರೆ ಸಾಕು. ಮನೌಸ್‌ನಲ್ಲಿ ಹಕ್ಕಿಗಳನ್ನು ಮರಳಿ ತಂದದ್ದು ತುಂಡುಗಳ ನಡುವೆ ತಾನಾಗಿ ಬೆಳೆದ ಸಾಧಾರಣ ಮರಗಳು. ಕೆಲವು ಮೀಟರ್ ನೆರಳು ಸಿಕ್ಕರೆ ಹತ್ತಿಪ್ಪತ್ತು ಗ್ರಾಂ ತೂಕದ ಹಕ್ಕಿಯೂ ದಾಟುತ್ತದೆ. ಆ ನೆರಳನ್ನು ಕಡಿಯದೆ ಬಿಡುವುದು, ಕಡಿದ ಕಡೆ ಮತ್ತೆ ಬೆಳೆಯಲು ಬಿಡುವುದು ನಮ್ಮ ಕೈಯಲ್ಲಿದೆ.